ವಿನೋಬನಗರದ ರಸ್ತೆಯಲ್ಲಿ ಗೋವಿಂದಯ್ಯನವರ ಚಕ್ರ

ಭದ್ರಾವತಿಯ ಗೋವಿಂದಯ್ಯ ಮೂವತ್ತೊಂದು ವರ್ಷ ಫೌಂಡ್ರಿಯೊಂದರಲ್ಲಿ ಮರದ ಅಚ್ಚು ಮಾಡುತ್ತಿದ್ದರು. ಆ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕರಗಿದ ಕಬ್ಬಿಣ ಹೊಯ್ದರೆ ಯಂತ್ರದ ಭಾಗವೊಂದು ತಯಾರು. ಅದು ಲಾರಿ ಹತ್ತಿ ಎಲ್ಲಿಗೋ ಹೋಗುತ್ತಿತ್ತು. ಮನೆಯವರನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲವಾದ್ದರಿಂದ ಅವರ ಕೆಲಸವನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ.

ಅವರು ನಿವೃತ್ತರಾಗಿ ಐದು ವರ್ಷಗಳಾದ ಮೇಲೆ, ಶಿವಮೊಗ್ಗದ ವಿನೋಬನಗರದವರು ಒಂದು ಭಾನುವಾರ ರಸ್ತೆ ಮುಚ್ಚಿ ಸೀಮೆಸುಣ್ಣದ ಚಿತ್ರಹಬ್ಬ ಮಾಡಿದರು. ಅಲ್ಲೇ ಮನೆ ಮಾಡಿಕೊಂಡಿದ್ದ ಮಗಳು ಅಕ್ಷಯಾ ಕೇಳದೆಯೇ ಅಪ್ಪನ ಹೆಸರು ಬರೆಸಿಬಿಟ್ಟಳು.

"ನಂಗೆ ಹೂವು, ನವಿಲು ಎಲ್ಲಾ ಬರಲ್ಲ ಕಣೇ."

"ಬರೋದನ್ನೇ ಬರಿ ಅಪ್ಪ."

ಬೆಳಿಗ್ಗೆ ಏಳಕ್ಕೆ ಹತ್ತಡಿ ಜಾಗ ಸಿಕ್ಕಿತು. ಅಕ್ಕಪಕ್ಕದವರು ಆಗಲೇ ಬಣ್ಣ ತುಂಬುತ್ತಿದ್ದರೆ, ಇವರು ಒಂಬತ್ತಾದರೂ ಮೊಳೆಗೆ ದಾರ ಕಟ್ಟಿ ವೃತ್ತ ಎಳೆಯುವುದು, ಅಳೆಯುವುದು, ಒರೆಸುವುದರಲ್ಲೇ ಇದ್ದರು.

"ಏನ್ ಯಜಮಾನ್ರೇ, ಮನೆಗೆ ಪಾಯ ಹಾಕ್ತಿದ್ದೀರಾ?" ಎಂದು ಯಾರೋ ನಕ್ಕರು. ಅಕ್ಷಯಾಳಿಗೆ ಮುಜುಗರವಾಯಿತು. ಗೋವಿಂದಯ್ಯ ದಾರ ಬಿಗಿದು ಇನ್ನೊಂದು ವೃತ್ತ ಎಳೆದರು.

ಹನ್ನೊಂದರ ಹೊತ್ತಿಗೆ ನೆರಳು ತುಂಬತೊಡಗಿದರು. ನೋಡನೋಡುತ್ತಿದ್ದಂತೆ ಟಾರು ರಸ್ತೆ ಅಲ್ಲಿ ಆಳಕ್ಕೆ ಇಳಿದಂತಾಯಿತು. ಗುಳಿಯ ತಳದಲ್ಲಿ ದೊಡ್ಡ ಹಲ್ಲಿನ ಚಕ್ರ. ಅದರೊಳಕ್ಕೆ ಹರಿಯುತ್ತಿರುವ ಕೆಂಪು ಕಬ್ಬಿಣ. ತರಕಾರಿ ಚೀಲ ಹಿಡಿದು ಬಂದ ಕಾಶಮ್ಮ ಎಂಬ ಹಿರಿಯರು ಸೀರೆ ಎತ್ತಿಕೊಂಡು ಅಂಚಿನಲ್ಲೇ ಸುತ್ತಿ ನಡೆದರು. ಜನ ಸೇರಿದರು.

"ಹಲ್ಲೆಲ್ಲ ಇಷ್ಟು ಕರೆಕ್ಟಾಗಿ ಹೆಂಗ್ ಬಂತು ಸಾರ್?" ಹಬ್ಬ ನಡೆಸುತ್ತಿದ್ದ ಬಡಾವಣೆ ಸಂಘದ ಕಾರ್ಯದರ್ಶಿ ಪ್ರಸನ್ನಕುಮಾರ್ ಕೇಳಿದರು.

"ಎಪ್ಪತ್ತೆರಡು ಹಲ್ಲು. ಒಂದು ಹೆಚ್ಚುಕಮ್ಮಿ ಆದ್ರೂ ಕಚ್ಕೊಂಡು ತಿರುಗಲ್ಲ. ಕಬ್ಬಿಣ ಆರಿದ್ಮೇಲೆ ಕುಗ್ಗುತ್ತೆ, ಅದಕ್ಕೆ ಅಚ್ಚು ಒಂಚೂರು ದೊಡ್ಡದೇ ಇರಬೇಕು. ಇದು ಕಬ್ಬು ಅರೆಯೋ ಮಿಷನ್ನಿಗೆ ಹೋಯ್ತು. ಅಚ್ಚು ನಂದೇ."

"ಅಪ್ಪ, ನೀನು ಮಾಡ್ತಿದ್ದಿದ್ದು ಇದಾ?" ಅಕ್ಷಯಾ ಚಿತ್ರದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದಳು.

"ಮತ್ತೇನಂದ್ಕೊಂಡಿದ್ದೆ ಮಾರಾಯ್ತಿ?"

ಸಂಘ ಕೊಟ್ಟ ಮೊದಲ ಬಹುಮಾನ ಪಕ್ಕದವರು ಬರೆದಿದ್ದ ನವಿಲಿಗೇ ಹೋಯಿತು. ಗೋವಿಂದಯ್ಯನವರಿಗೆ ಎರಡನೆಯದು. ಅವರು ಅದನ್ನು ಮಗಳ ಕೈಗೆ ಕೊಟ್ಟು, ಮಂಡಿಯ ಸುಣ್ಣ ಕೊಡವಿಕೊಳ್ಳುತ್ತ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತರು.

ಐದಕ್ಕೆ ರಸ್ತೆ ತೆರೆದರು. ಮೊದಲು ಬಂದ ಆಟೋದವನು ಗುಳಿ ಕಂಡು ಗಕ್ಕನೆ ಬ್ರೇಕ್ ಹಾಕಿದ. ಇಳಿದು ಬಂದು ಕಾಲಿಂದ ಮುಟ್ಟಿ ನೋಡಿ ತಲೆ ಕೊಡವಿದ. ಆಮೇಲೆ, ಬರೀ ಚಿತ್ರವೆಂದು ತಿಳಿದ ಮೇಲೂ, ಚಕ್ರವನ್ನು ತುಳಿಯದೆ ಬದಿಯಿಂದಲೇ ಆಟೋ ದಾಟಿಸಿದ. ಅವನ ಹಿಂದಿನವರೂ ಹಾಗೇ ಹೋದರು.