ಬಡಗಿಯ ಮೂರು ಇನ್‌ಹೇಲರ್‌ಗಳು

ಬಡಗಿ ಮೂರೂ ಇನ್‌ಹೇಲರ್‌ಗಳನ್ನು ಮೇಜಿನ ಮೇಲೆ ಸಾಲಾಗಿಟ್ಟುಕೊಂಡು ಬಾಯಿಗೆ ಬಂದಂತೆ ಬೈಯುತ್ತಿದ್ದ. ಒತ್ತಿದರೆ ಚುಸ್ಸೆನ್ನುವ ಮೊದಲನೆಯದು ಮಹಾ ಆತುರಗಾರ. ಇವನು ಉಸಿರೆಳೆಯುವಷ್ಟರಲ್ಲಿ ಔಷಧಿಯೆಲ್ಲ ನಾಲಿಗೆಯ ಮೇಲೆ. ಎರಡನೆಯದು ಅಂಥದ್ದೇ ಇನ್ನೊಂದಕ್ಕೆ ದಪ್ಪ ಪ್ಲಾಸ್ಟಿಕ್ ಕೊಳವೆ ಜೋಡಿಸಿದ್ದು. ಗಿರಾಕಿಗಳೆದುರು ಅದನ್ನು ಬಾಯಿಗಿಟ್ಟರೆ ಕೂಸು ಬಾಟಲಿ ಚೀಪಿದಂತೆ ಕಾಣುತ್ತದೆಂದು ಅಟ್ಟಕ್ಕೆ ಎಸೆದಿದ್ದ, ಇವತ್ತಷ್ಟೇ ಇಳಿಸಿದ್ದು. ಮೂರನೆಯದರಲ್ಲಿ ಪುಡಿ ತುಂಬಿದ ಕ್ಯಾಪ್ಸೂಲ್ ಕೂರಿಸಿ, ಚುಚ್ಚಿ, ಜೋರಾಗಿ ಎಳೆಯಬೇಕು. ಡಾಕ್ಟರು ಹೊಗಳಿ ಕೊಟ್ಟಿದ್ದ ಅದರಿಂದಲೂ ಗೂರಲು ಜಗ್ಗಲಿಲ್ಲ.

ಗೂರಲು ಹಿಡಿತಕ್ಕೆ ಬರುವವರೆಗೆ ಮರದ ಪುಡಿಯ ಹತ್ತಿರ ಸುಳಿಯಬಾರದೆಂದು ಡಾಕ್ಟರ ಅಪ್ಪಣೆಯಾಗಿತ್ತು. ಮರಗೆಲಸದ ಶೆಡ್ಡಿನಲ್ಲಿ ಇವನ ಬದಲು ತಮ್ಮ ನಿಂತ. ಇವನನ್ನು ಮನೆಯವರು ಮುಂದಿನ ಅಂಗಡಿಯಲ್ಲಿ ಚಿಲಕ, ಮೊಳೆ ಮಾರಲು ಕೂರಿಸಿದರು. ತನ್ನ ಉಳಿಯನ್ನು ತಮ್ಮ ಮೊಂಡು ಮಾಡುವುದನ್ನು ಕಿಟಕಿಯಿಂದ ನೋಡಿ ಇವನ ಹೊಟ್ಟೆ ಉರಿಯುತ್ತಿತ್ತು.

"ಮೂರೂ ದಂಡ. ಒಂದಾದ್ರೂ ಸರಿಹೋಗಿದ್ರೆ ಇಷ್ಟೊತ್ತಿಗೆ ಶೆಡ್ಡಲ್ಲಿರ್ತಿದ್ದೆ."

"ಎಲ್ಲಿ, ನನ್ನೆದುರಿಗೆ ಎಳೀರಿ ನೋಡೋಣ," ಎಂದಳು ಹೆಂಡತಿ.

ಅವನು ಕ್ಯಾಪ್ಸೂಲ್ ಕೂರಿಸಿದ, ಚುಚ್ಚಿದ, ಬಾಯಿಯ ಹತ್ತಿರ ತಂದು ಉಫ್ ಎಂದು ಊದಿ, ಆಮೇಲೆ ಎಳೆದ. ಮೀಸೆಯೆಲ್ಲ ಬೆಳ್ಳಗಾಯಿತು.

"ಊದಿದ್ಯಾಕೆ?"

"ನಾನೆಲ್ಲಿ ಊದಿದೆ?"

ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಉಳಿಯಲ್ಲಿ ತೂತು ಕೊರೆದವನು ಪುಡಿ ಊದಿಯೇ ಮುಂದಿನ ಕೆಲಸಕ್ಕೆ ಕೈ ಹಾಕುವುದು. ತೂತು ಕಂಡಲ್ಲಿ ಊದುವುದು ಅವನಿಗೆ ರಕ್ತಗತವಾಗಿತ್ತು.

"ಇಷ್ಟು ದಿನ ಗೋಡೆಗೆ ಔಷಧಿ ಕೊಟ್ಟಿದ್ದೀರಿ. ಗೋಡೆಗೆ ಗೂರಲಿಲ್ಲ, ಆರಾಮಾಗಿದೆ," ಎಂದಳು. ನಗಬೇಕೋ ಅಳಬೇಕೋ ಅವಳಿಗೂ ತಿಳಿಯಲಿಲ್ಲ.

ಅಂದಿನಿಂದ ಅವಳು ಪಕ್ಕದಲ್ಲೇ ನಿಂತು, ಮೊದಲು ಅತ್ತ ಮುಖ ತಿರುಗಿಸಿ ಉಸಿರು ಬಿಡಿಸಿ, ಆಮೇಲೆ ಎಳೆಸಿದಳು. ಕೆಲವು ವಾರಗಳಲ್ಲಿ ಎದೆಯ ಕುಯ್‌ಗುಟ್ಟುವಿಕೆ ನಿಂತಿತು. ಒಂದು ಬೆಳಿಗ್ಗೆ ಅವನು ಯಾರನ್ನೂ ಕೇಳದೆ ಶೆಡ್ಡಿಗೆ ನಡೆದ.

ಮೂಗಿಗೆ ಬಟ್ಟೆ ಬಿಗಿದು, ಹತ್ತರಿ ಹಿಡಿದು ಹಲಗೆ ನಯ ಮಾಡತೊಡಗಿದ. ಅರ್ಧ ಮುಗಿಯುವಷ್ಟರಲ್ಲಿ ಎದೆ ಬಿಗಿಯಿತು. ಬೈಯೋಣವೆಂದರೆ ಇನ್‌ಹೇಲರ್‌ನದೇನೂ ತಪ್ಪಿರಲಿಲ್ಲ. ಬೆಳಗಿನ ಔಷಧಿ ಒಂದು ಕಣವೂ ಪೋಲಾಗದೆ ಒಳಗೆ ಹೋಗಿತ್ತು. ತಪ್ಪೆಲ್ಲ ಹಲಗೆಯಿಂದೇಳುವ ಪುಡಿಯದು, ಆದರೆ ಹಲಗೆಯನ್ನು ಬೈಯಲು ಅವನಿಗೆ ಬಾಯಿ ಬರಲಿಲ್ಲ.

ತಮ್ಮ ಓಡಿಬಂದ. "ಅಣ್ಣ, ಇಲ್ಲಿ ಕೊಡು."

ಬಡಗಿ ಕೆಮ್ಮುತ್ತಲೇ ಹತ್ತರಿಯನ್ನು ಅವನ ಕೈಗೆ ಕೊಟ್ಟ.