ಕರೆಂಟು ಹೋದಾಗ ಮಾವ ಕೇಳಿದ ಪ್ರಶ್ನೆ

ಪ್ರೊಜೆಕ್ಟರ್ ಬಿಸಿಯಾದಾಗ ಸುಟ್ಟ ಧೂಳಿನ ಒಂದು ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಡಿದರೆ ಸಾಕು, ನನಗೆ ನನ್ನ ಮೇಲೇ ಹೇಸಿಗೆ ಹುಟ್ಟುತ್ತದೆ. ರಬಾಳೆಯ ನಮ್ಮ ಆಫೀಸಿಗೆ ವರ್ಷಕ್ಕೊಮ್ಮೆ ಒಬ್ಬ ತರಬೇತುದಾರ ಬಂದು ಪ್ರೆಸೆಂಟೇಶನ್ ಹೇಗೆ ಮಾಡಬೇಕೆಂದು ಕಲಿಸುತ್ತಿದ್ದ. ಸ್ಲೈಡಿಗೆ ಆರೇ ಸಾಲು, ಮುಖದಲ್ಲಿ ನಗು, ಕೇಳುವವರ ಕಣ್ಣಲ್ಲಿ ಕಣ್ಣು. ಇಷ್ಟು ಹೇಳಲು ಆ ಮಹಾಶಯನಿಗೆ ಅರವತ್ತು ಸ್ಲೈಡು ಬೇಕಿತ್ತು, ಅಷ್ಟನ್ನೂ ನಮಗೆ ಬೆನ್ನು ಹಾಕಿ ಓದುತ್ತಿದ್ದ. ನಾವು ಚಪ್ಪಾಳೆ ತಟ್ಟಿ ಸಮೋಸ ತಿನ್ನುತ್ತಿದ್ದೆವು. ಒಂದು ಸ್ಲೈಡೂ ಇಲ್ಲದೆ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಜನರನ್ನು ಹಿಡಿದಿಡಬಲ್ಲವರೊಬ್ಬರು, ನಾನು ಶಾಲೆಗೆ ಹೋಗುವ ಕಾಲಕ್ಕೆ, ನಮ್ಮ ಮನೆಯಲ್ಲೇ ಇದ್ದರು.

ಠಾಕುರ್ಲಿಯಲ್ಲಿ, ಸಾಲುಮನೆಗಳ ಚಾಳಿನಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪ, ಅಮ್ಮ, ನಾನು, ಜೊತೆಗೆ ಅಮ್ಮನ ಅಣ್ಣ. ಮಾವ ಶಹಾಡ್‌ನ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದರು. ಎಷ್ಟು ಒಗೆದರೂ ಅವರ ಅಂಗಿಯಿಂದ ಕಾದ ಕಾವಲಿಯ ಎಣ್ಣೆಯ ಘಮ ಹೋಗುತ್ತಿರಲಿಲ್ಲ. ರಜೆಯ ದಿನ ನಮ್ಮ ಊರ ಕಡೆಯ ನಾಲ್ಕೈದು ಜನ ಸೇರಿದರೆ ಮಂಚ ಗೋಡೆಗೆ ಸರಿದು ತಾಳಮದ್ದಳೆ ಶುರುವಾಗುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಕುಳಿತಲ್ಲೇ ಬರೀ ಮಾತಿನಲ್ಲಿ ರಾಜ್ಯ ಕಟ್ಟಿ ಕೆಡವುವುದು. ಎದುರಿನವನ ಮಾತು ತಡವರಿಸಿದರೆ ಮಾವ ಅವನನ್ನು ಸೋಲಿಸುತ್ತಿರಲಿಲ್ಲ. ಅವನಿಗೆ ಗೊತ್ತಿರುವುದನ್ನೇ ಪ್ರಶ್ನೆಯಾಗಿ ಕೇಳಿ ಮತ್ತೆ ಮಾತು ಹರಿಯುವಂತೆ ಮಾಡುತ್ತಿದ್ದರು. ಬಾಗಿಲಲ್ಲಿ ನಿಂತ ಮರಾಠಿ ನೆರೆಯವರು ಭಾಷೆ ತಿಳಿಯದಿದ್ದರೂ ಕಣ್ಣು ಕೀಳದೆ ಕೇಳುತ್ತಿದ್ದರು. ನನಗೋ ಅದು ಹೋಟೆಲಿನವರ ಗಲಾಟೆ. ಇಂಗ್ಲಿಷ್ ಮೀಡಿಯಮ್ಮಿನ ಮಹಾರಾಣಿ ನಾನು, ಕಿವಿಗೆ ಬೆರಳಿಟ್ಟುಕೊಂಡು ಪಾಠ ಉರುಹೊಡೆಯುತ್ತಿದ್ದೆ.

ಒಂಬತ್ತನೆಯ ಕ್ಲಾಸಿನಲ್ಲಿ ‘ನೀರು ಉಳಿಸಿ’ ಎಂಬ ಪ್ರೆಸೆಂಟೇಶನ್ ನನ್ನ ಪಾಲಿಗೆ ಬಂತು, ನೋಡಲು ಮನೆಯವರಿಗೂ ಆಮಂತ್ರಣವಿತ್ತು. ಸೈಬರ್ ಕೆಫೆಯಲ್ಲಿ ಕುಳಿತು ಹಾರಿ ಬರುವ ಅಕ್ಷರ, ಗಿರಗಿರ ತಿರುಗುವ ಭೂಗೋಳ ಎಲ್ಲ ತುಂಬಿದೆ. ಮನೆಗೆ ತಂದ ಪ್ರಿಂಟನ್ನು ಮಾವ ಒರೆಸಿಕೊಂಡ ಕೈಯಲ್ಲಿ ಹಿಡಿದು ನೋಡಿದರು. "ಇಷ್ಟೆಲ್ಲ ಯಾಕೆ ಮಗಾ? ಎದುರು ಕೂತವರ ಮನೆ ಸುದ್ದಿ ಕೇಳು, ನಮ್ಮ ಮನೆಯದ್ದು ಹೇಳು. ಒಬ್ಬರೂ ಎದ್ದು ಹೋಗ್ಲಿಕ್ಕಿಲ್ಲ."

"ನಿಮಗೆ ಇದೆಲ್ಲ ಸಮಜ್ ಆಗುದಿಲ್ಲ ಮಾವ," ಎಂದು ಕಾಗದ ಕಿತ್ತುಕೊಂಡೆ. ನಮ್ಮ ಮನೆಯ ಸುದ್ದಿಯಂತೆ! ಗೆಳತಿಯರಿಗೆಲ್ಲ ನಾವು ಡೊಂಬಿವಲಿಯ ಫ್ಲ್ಯಾಟಿನಲ್ಲಿದ್ದೇವೆಂದು ಸುಳ್ಳು ಹೇಳಿದ್ದೆ. ಬಹುಮಾನ ಬಾರದಿದ್ದರೂ ಚಿಂತೆಯಿರಲಿಲ್ಲ, ಚಾಳಿನ ಗುಟ್ಟು ಮಾತ್ರ ಬಯಲಾಗಬಾರದಿತ್ತು.

ಅಪ್ಪನಿಗೆ ರಜೆ ಸಿಗದೆ ಆ ದಿನ ಮಾವನೇ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಮೂರನೆಯ ಸ್ಲೈಡಿಗೆ ಲೋಡ್ ಶೆಡ್ಡಿಂಗ್ ಆಯಿತು. ಪರದೆ ಕಪ್ಪಾಯಿತು. ಪರದೆಯ ಮೇಲಿದ್ದುದನ್ನು ಬಿಟ್ಟರೆ ನನ್ನ ಬಳಿ ಒಂದು ಮಾತೂ ಇರಲಿಲ್ಲ. ಆಗ ಹಿಂದಿನ ಸಾಲಿನಲ್ಲಿ ಮಾವ ಎದ್ದು ನಿಂತರು. "ಬೇಟಾ, ತುಮಾರಾ ಘರ್ ಮೇ ಪಾನೀ ಕಿತನಾ ಬಜೇ ಆತಾ? ಕೌನ್ ಭರ್ತಾ?" ಮನೆಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಯಾರು ತುಂಬುತ್ತಾರೆ, ಅಷ್ಟೇ ಅವರು ಕೇಳಿದ್ದು. ಆ ಹಿಂದಿಗೆ ಕ್ಲಾಸು ಕಿಸಕ್ಕನೆ ನಕ್ಕಿತು. ಯಾರೋ ಅಪರಿಚಿತರು ಕೇಳಿದರೆಂಬಂತೆ ನಾನೂ ನಕ್ಕೆ. ಮಾವ ನನ್ನ ಉತ್ತರಕ್ಕೆ ಕಾದು, ಕುಳಿತುಕೊಂಡರು.

ಈಗ ಮಾವ ಇಲ್ಲ. ಚಾಳು ಕೆಡವಿದ ಜಾಗದಲ್ಲಿ ಟವರ್ ಎದ್ದಿದೆ, ಅಲ್ಲಿ ಚಾಪೆ ಹಾಸಿ ಮಾತಾಡುವವರಿಲ್ಲ. ನಿಮ್ಮ ಮನೆಯಲ್ಲೂ ಇಂಥವರೊಬ್ಬರಿದ್ದು, ನೀವೂ ಒಮ್ಮೆ ಹೀಗೆ ನಕ್ಕಿದ್ದರೆ, ನಾನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಅಂದು ಮಾವ ಕೇಳಿದ್ದಕ್ಕೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ನೀರು ಬರುತ್ತಿದ್ದುದು ಬೆಳಗಿನ ಜಾವ ನಾಲ್ಕೂವರೆಗೆ, ಇಡೀ ಚಾಳಿಗಿದ್ದ ಒಂದೇ ನಲ್ಲಿಗೆ. ಅಮ್ಮನನ್ನೂ ನನ್ನನ್ನೂ ಎಬ್ಬಿಸದೆ, ಕೊಡ ಸದ್ದಾಗದಂತೆ ಇಳಿಸಿ, ಮನೆಯ ನೀರಷ್ಟನ್ನೂ ತುಂಬಿಟ್ಟು ಮಾವ ಕೆಲಸಕ್ಕೆ ಹೋಗುತ್ತಿದ್ದರು.