ಕೇಸು ವಿಚಾರಿಸಿದವರ ಹೆಸರು ಬರೆದಿಡುವ ರಾನ್ ಅಕ್ಕ

ಬೆಳಗಿನ ಐದೂ ಮುಕ್ಕಾಲು. ಯೆನ್‌ತೌಪಿಂಗ್ ಕೋರ್ಟಿನ ಹಿಂಬಾಗಿಲಲ್ಲಿ ರಾನ್ ಗ್ವೆಲಾನ್, ವಿಚಾರಣೆಯ ಜಾಗದಲ್ಲಿ ತೂಗುಹಾಕುವ ದೇಶದ ಲಾಂಛನವನ್ನು ಹಳೆಯ ರಜಾಯಿಯ ತುಂಡಿನಲ್ಲಿ ಸುತ್ತುತ್ತಿದ್ದಾರೆ, ಸ್ನಾನ ಮಾಡಿಸಿದ ಕೂಸನ್ನು ಸುತ್ತಿದ ಹಾಗೆ. ಸುತ್ತಿದ್ದು ಬಿದಿರಿನ ಬೆನ್ನುಬುಟ್ಟಿಯ ತಳಕ್ಕೆ ಇಳಿಯುತ್ತದೆ. ಅದರ ಮೇಲೆ ಲ್ಯಾಪ್‌ಟಾಪು, ಪುಟ್ಟ ಪ್ರಿಂಟರು, ನ್ಯಾಯಾಧೀಶರ ಕಪ್ಪು ನಿಲುವಂಗಿ. ಎಲ್ಲಕ್ಕಿಂತ ಮೇಲೆ ನಾಲ್ಕು ಬೇಯಿಸಿದ ಗೆಣಸು.

“ಕಾನೂನು ಕೆಳಗೆ, ಗೆಣಸು ಮೇಲೆ. ಉಲ್ಟಾ ಇಟ್ಟರೆ ಗೆಣಸು ಅಪ್ಪಚ್ಚಿಯಾಗುತ್ತೆ, ಕಾನೂನಿಗೆ ಏನೂ ಆಗಲ್ಲ,” ಎನ್ನುತ್ತ ಅವರು ಒಳಗೆ ಕೂಗುತ್ತಾರೆ. “ಪೆಂಗ್ ಮೇಡಂ, ಬೇಗ ಬನ್ನಿ! ಬಿಸಿಲೇರಿದರೆ ಹಳ್ಳಿಯವರು ಹೊಲಕ್ಕೆ ಹೋಗಿಬಿಡ್ತಾರೆ. ಆಮೇಲೆ ಹಂದಿಗಳಿಗೆ ತೀರ್ಪು ಓದಬೇಕಾಗುತ್ತೆ.”

ಶೂ ದಾರ ಕಟ್ಟಿಕೊಳ್ಳುತ್ತಲೇ ಓಡಿಬರುವ ನ್ಯಾಯಾಧೀಶೆ ಪೆಂಗ್ ಶುಯಾಗೆ ಮೂವತ್ನಾಲ್ಕು. ಬುಟ್ಟಿ ಹೊರುವ ಗುಮಾಸ್ತೆ ರಾನ್ ಅಕ್ಕನಿಗೆ ನಲವತ್ತೇಳು. ಚೀನಾದ ಗುಯಿಜೋ ಪ್ರಾಂತ್ಯದ ಈ ಗುಡ್ಡಗಳಲ್ಲಿ ಕಾರು ನಿಲ್ಲುವ ಕಡೆಯಿಂದ ಮುಂದೆ ಕೋರ್ಟು ನಡೆದುಕೊಂಡೇ ಹೋಗುತ್ತದೆ. ಇವತ್ತಿನದು ಹಂದಿಗೂಡಿನ ಗೋಡೆಯೊಂದಕ್ಕಾಗಿ ಆರು ವರ್ಷದಿಂದ ಮಾತು ಬಿಟ್ಟ ಅಣ್ಣತಮ್ಮಂದಿರ ಕೇಸು. ಎರಡು ಗಂಟೆಯ ಏರುದಾರಿ.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅಕ್ಷರ ಮುತ್ತಿನಂತಿದೆ ಎಂಬ ಒಂದೇ ಕಾರಣಕ್ಕೆ ರಾನ್ ಅಕ್ಕ ಈ ಕೆಲಸಕ್ಕೆ ಬಂದವರು. ಈಗ ಆ ಅಕ್ಷರ ಯಾರಿಗೂ ಬೇಕಿಲ್ಲ. ಬೆರಳಿನ ವೇಗ ಸಾಕು. ಕಳೆದ ವರ್ಷ ಈ ಪುಟ್ಟ ಕೋರ್ಟಿಗೆ ಬಂದದ್ದು ಮುನ್ನೂರ ಎಂಬತ್ತಾರು ಕೇಸು. ಒಂದೊಂದು ವಿಚಾರಣೆಗೆ ಎಂಟು ಹತ್ತು ಪುಟ. ಪ್ರತಿ ಪುಟವನ್ನೂ ಹೇಳಿದವರಿಗೆ ಓದಿ ಹೇಳಬೇಕು. ಅವರು ‘ಓದಿದೆ, ಸರಿಯಿದೆ’ ಎಂದು ಬರೆದು ಕೆಂಪು ಹೆಬ್ಬೆಟ್ಟು ಒತ್ತಬೇಕು. ಒಂದು ಪದ ತಿದ್ದಿದರೂ, ತಿದ್ದಿದ ಜಾಗದ ಮೇಲೆ ಮತ್ತೊಂದು ಹೆಬ್ಬೆಟ್ಟು. ಜಗಳಗಂಟರ ಕೇಸಿನ ಕಾಗದ ಚಿಕನ್‌ಪಾಕ್ಸ್ ಬಂದ ಮಗುವಿನ ಮುಖದ ಹಾಗೆ ಕಾಣುತ್ತದೆ. ಇಷ್ಟೆಲ್ಲ ಮಾಡಿಯೂ ಅವರದು ಗುತ್ತಿಗೆ ನೌಕರಿ. ಮೂರು ವರ್ಷಕ್ಕೊಮ್ಮೆ ಮೇಲಿನವರು ಮನಸ್ಸು ಮಾಡಿ ನವೀಕರಿಸಿದರೆ ಉಂಟು.

ಇದು ಎಲ್ಲ ಕೋರ್ಟಿನ ಎಲ್ಲ ಗುಮಾಸ್ತೆಯರ ಕಥೆ. ರಾನ್ ಅಕ್ಕನ ಕಥೆ ಇನ್ನೊಂದು ರಿಜಿಸ್ಟರಿನಲ್ಲಿದೆ. ಹೊರಗಿನವರು ಯಾರೇ ಆಗಲಿ, ಅಧಿಕಾರಿಯಾಗಲಿ ಭಾವಮೈದುನನಾಗಲಿ, ನಡೆಯುತ್ತಿರುವ ಕೇಸಿನ ಬಗ್ಗೆ ಕೋರ್ಟಿನವರನ್ನು ವಿಚಾರಿಸಿದರೆ ಅವರ ಹೆಸರು, ಹುದ್ದೆ, ಆಡಿದ ಮಾತು ಬರೆದಿಟ್ಟು ತಿಂಗಳ ಕೊನೆಗೆ ಮೇಲಿನ ಕೋರ್ಟಿಗೆ ಕಳಿಸಬೇಕೆಂದು ನಿಯಮ. ಯೆನ್‌ತೌಪಿಂಗ್‌ನಲ್ಲಿ ಏಳು ವರ್ಷ, ಎಂಬತ್ನಾಲ್ಕು ತಿಂಗಳು, ಆ ಖಾನೆಯಲ್ಲಿ ಇದ್ದದ್ದು ಒಂದೇ ಪದ: ‘ಇಲ್ಲ’. ಅದನ್ನು ನಂಬುವುದಾದರೆ ಈ ಸೀಮೆಯಲ್ಲಿ ಯಾರ ಮನೆಯಲ್ಲೂ ಫೋನಿಲ್ಲ.

ಫೋನು ಬರುತ್ತಿತ್ತು. ಇಲ್ಲಿ ಅದಕ್ಕೆ ‘ನಮಸ್ಕಾರ ಹೇಳುವುದು’ ಎನ್ನುತ್ತಾರೆ. ಮೊದಲು ಆರೋಗ್ಯ, ಆಮೇಲೆ ಈ ವರ್ಷದ ಚಹಾ, ಕೊನೆಗೆ ನೆನಪಾದ ಹಾಗೆ ಕೇಸು. ಹೀಗೇ ತೀರ್ಪು ಕೊಡಿ ಎನ್ನುವಷ್ಟು ಒರಟರು ಯಾರೂ ಇಲ್ಲ. ಕೋರ್ಟು ಯಾರ ಹಂಗೂ ಇಲ್ಲದೆ ತೀರ್ಪು ಕೊಡಬೇಕೆಂದು ಪುಸ್ತಕದಲ್ಲಿದೆ, ಗೋಡೆಯ ಮೇಲೂ ಇದೆ. ಆದರೆ ಕೋರ್ಟಿನ ದೊಡ್ಡವರನ್ನು ಆರಿಸುವವರು, ಅವರ ವರ್ಷದ ಕೆಲಸಕ್ಕೆ ಅಂಕ ಹಾಕುವವರು ಆ ಗೋಡೆಯ ಆಚೆ ಕೂತಿದ್ದಾರೆ. ಹೀಗಿರುವಾಗ ಫೋನೆತ್ತಿದ ದನಿ ತಾನಾಗಿ ಮೆತ್ತಗಾಗುತ್ತದೆ.

ಹೋದ ವರ್ಷದ ಶರತ್ಕಾಲದಲ್ಲಿ ಶ್ಯಾಂಗ್ ಅಜ್ಜಿಯ ಕೇಸು ಬಂತು. ಅಜ್ಜಿ ತೋಫು, ಅಂದರೆ ಸೋಯಾ ಹಾಲಿನ ಪನೀರು, ಮಾಡುವವರು. ಅವರ ತೋಫುವಿನ ರುಚಿಯೆಲ್ಲ ಮನೆ ಹಿಂದಿನ ಒರತೆ ನೀರಿನದು. ಮೇಲೆ ಕಲ್ಲುಗಣಿ ಬಂದ ಮೇಲೆ ಆ ನೀರು ಬೆಳ್ಳಗಾಯಿತು. “ನೀರೇ ಸೋಯಾ ಹಾಲಿನ ಹಾಗೆ ಬರ್ತಿದೆ, ಕಾಳು ಯಾಕೆ ನೆನೆಹಾಕ್ಲಿ?” ಎಂದು ಅಜ್ಜಿ ಮೊದಲ ದಿನವೇ ಕೇಳಿದ್ದರು. ಗಣಿ ಊರಾಡಳಿತದ ಮುದ್ದಿನ ಕೂಸು.

ವಿಚಾರಣೆಗೆ ಎರಡು ದಿನವಿರುವಾಗ ಊರಾಡಳಿತದ ಉಪಮುಖ್ಯಸ್ಥ ಮೋ ಚೆಂಗ್‌ಲಿನ್ ಫೋನ್ ಮಾಡಿದರು. ಮೇಡಂ ಹೊರಗೆ ಹೋಗಿದ್ದರು. ಫೋನೆತ್ತಿ ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ ರಾನ್ ಅಕ್ಕನ ಎರಡೂ ಕೈ ಕೀಲಿಮಣೆಯ ಮೇಲಿದ್ದವು.

“ಅಲ್ಲಿಂದಲೇ ಶುರುವಾದದ್ದು ನೋಡಿ,” ಎಂದು ಏರುದಾರಿಯಲ್ಲಿ ಉಸಿರು ತೆಗೆದುಕೊಳ್ಳುತ್ತ ಅವರು ನಗುತ್ತಾರೆ. “ಇಪ್ಪತ್ತಾರು ವರ್ಷದ ಚಾಳಿ. ಕಿವಿಗೆ ಬಿದ್ದದ್ದು ಬೆರಳಿಗೆ ಇಳಿದುಬಿಡುತ್ತೆ. ಅವರು ಫೋನಿಟ್ಟ ಮೇಲೆ ನೋಡ್ತೀನಿ, ಮಾತೆಲ್ಲ ಪರದೆ ಮೇಲಿದೆ. ‘ಆ ಮುದುಕಿಗೆ ಸ್ವಲ್ಪ ತಿಳಿ ಹೇಳಿ, ಗಣಿ ನಿಂತರೆ ಊರು ನಿಲ್ಲುತ್ತೆ, ಮೇಡಂ ಇದನ್ನ ಗಮನದಲ್ಲಿಟ್ಕೊಳ್ಳಲಿ’. ಅವರು ಮಧ್ಯೆ ಕೆಮ್ಮಿದ್ದನ್ನೂ ಬರೆದಿದ್ದೆ.”

ಹಾಗೆ ಮೂಡಿದ್ದನ್ನು ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ತಿಂಗಳ ಕೊನೆಗೆ ಇನ್ನೂ ನಾಲ್ಕು ದಿನ. ಅದರ ಮರುತಿಂಗಳೇ ಅವರ ಗುತ್ತಿಗೆಯ ನವೀಕರಣ. ಮಿನಿಬಸ್ ಓಡಿಸುವ ಗಂಡ ಝೆನ್, ರಾತ್ರಿ ಊಟಕ್ಕೆ ಕೂತಾಗ ಕೇಳಿದನಂತೆ, “ತೋಫು ಕೇಸು ಏನಾಯ್ತು?” ವಿಷಯ ತಿಳಿದ ಮೇಲೆ ಚಾಪ್‌ಸ್ಟಿಕ್ ಕೆಳಗಿಟ್ಟ. “ಎರಡಕ್ಷರ ಕಣೇ. ‘ಇಲ್ಲ’ ಅಂತ ಬರೆದು ಕೈ ತೊಳ್ಕೊ. ಈ ವಯಸ್ಸಲ್ಲಿ ನಿನಗೆ ಯಾರು ಕೆಲಸ ಕೊಡ್ತಾರೆ?”

ಪೆಂಗ್ ಮೇಡಂ ಬೇರೆಯೇ ದಾರಿ ಹಿಡಿದರು. “ರಾನ್ ಅಕ್ಕ, ಅವರು ಏನಂದ್ರು ಅಂತ ನನಗೆ ಹೇಳಬೇಡಿ. ತೀರ್ಪು ಬರೆದ ಮೇಲೆ ಓದ್ತೀನಿ. ನಿಮ್ಮ ರಿಜಿಸ್ಟರು ನಿಮ್ಮದು.”

ತಿಂಗಳ ಕೊನೆಯ ದಿನ ರಾನ್ ಅಕ್ಕ ಮೋ ಸಾಹೇಬರ ಮಾತನ್ನು ಕೆಮ್ಮಿನ ಸಮೇತ ರಿಜಿಸ್ಟರಿಗೆ ಏರಿಸಿದರು. ಅದರ ಕೆಳಗೆ ಎರಡನೆಯ ಸಾಲು: ಹೆಸರು ಝೆನ್, ಉದ್ಯೋಗ ಚಾಲಕ, ಸಂಬಂಧ ಗಂಡ, ಆಡಿದ ಮಾತು ‘ತೋಫು ಕೇಸು ಏನಾಯ್ತು’.

“ಸಾವಿರಾರು ಜನರ ಕೈಲಿ ‘ಓದಿದೆ, ಸರಿಯಿದೆ’ ಅಂತ ಬರೆಸ್ಕೊಂಡಿದೀನಿ. ನಾನು ಬರೆದ ಕಾಗದ ಓದಿದಾಗ ನನಗೂ ಹಾಗೆ ಅನಿಸಬೇಕಲ್ವಾ? ಅಷ್ಟೇ. ಇದರಲ್ಲಿ ಶೌರ್ಯ ಗೀರ್ಯ ಏನೂ ಇಲ್ಲ,” ಎನ್ನುತ್ತಾರೆ.

ವಾರ ಕಳೆಯುವಷ್ಟರಲ್ಲಿ ಮೋ ಸಾಹೇಬರೇ ಬಂದರು. ಕೈಯಲ್ಲಿ ಹೊಗೆಯಾಡಿಸಿದ ಹಂದಿಮಾಂಸದ ಪೊಟ್ಟಣ. ಬಾಗಿಲು ಮುಂದೆ ಮಾಡಿ ಕೂತರು.

“ರಾನ್ ಅಕ್ಕ, ನಾವು ಒಂದೇ ಸಂತೆಯಲ್ಲಿ ತರಕಾರಿ ಕೊಳ್ಳೋರು. ನಾನು ಬರೀ ನಮಸ್ಕಾರ ಹೇಳಿದೆ, ನೀವು ಮಹಾಪುರಾಣ ಬರೆದಿದೀರಂತೆ. ಆ ಸಾಲು ಹೊಡೆದುಹಾಕಿ.”

“ಹೊಡೆದುಹಾಕೋಕೆ ಬರಲ್ಲ ಸಾಹೇಬ್ರೆ, ತಿದ್ದಬಹುದು,” ಎಂದು ಅಕ್ಕ ಮೇಜಿನ ಖಾನೆಯಿಂದ ಕೆಂಪು ಸ್ಟ್ಯಾಂಪ್ ಪ್ಯಾಡ್ ತೆಗೆದು ಮುಂದಿಟ್ಟರು. “ಇಲ್ಲಿ ಪ್ರಿಂಟ್ ತೆಗೀತೀನಿ. ಯಾವ ಮಾತು ಆಡಿಲ್ಲ ಅಂತೀರೋ ಅದರ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ನಿಮ್ಮ ಹೆಬ್ಬೆಟ್ಟು ಒತ್ತಿ. ಉಳಿದದ್ದರ ಕೆಳಗೆ ‘ಓದಿದೆ, ಸರಿಯಿದೆ’ ಅಂತ ಬರೀರಿ. ಎಲ್ಲರಿಗೂ ಇದೇ ಕ್ರಮ.”

ಮೋ ಸಾಹೇಬರು ಪ್ಯಾಡನ್ನು ನೋಡಿದರು. ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಗೀಟು ಹಾಕಿದರೆ ಉಳಿದ ಮಾತನ್ನೆಲ್ಲ ಒಪ್ಪಿದ ಹಾಗೆ. ಬೆರಳು ಮಡಚಿ ಜೇಬಿಗಿಳಿಸಿದರು.

“ಬೇಡ ಬಿಡಿ. ಇದ್ದ ಹಾಗೇ ಇರಲಿ.”

“ಮಾಂಸ ತಗೊಂಡು ಹೋಗಿ ಸಾಹೇಬ್ರೆ. ಅದಕ್ಕೆ ಬೇರೆ ರಿಜಿಸ್ಟರಿದೆ.”

ಮೇಲಿನಿಂದ ಮೋ ಸಾಹೇಬರಿಗೆ ಒಂದು ಎಚ್ಚರಿಕೆಯ ಪತ್ರ ಬಂತು, ಅಷ್ಟೇ. ಗಣಿ ಕಲ್ಲು ತೊಳೆದ ನೀರನ್ನು ಕಣಿವೆಯ ಆಚೆ ಬದಿಗೆ ತಿರುಗಿಸಬೇಕು, ಒರತೆ ತಿಳಿಯಾಗುವವರೆಗೆ ಅಜ್ಜಿಗೆ ಗಣಿಗಿಂತ ಮೇಲಿನ ಬುಗ್ಗೆಯಿಂದ ಕೊಳವೆ ನೀರು ಕೊಡಬೇಕು ಎಂದು ತೀರ್ಪಾಯಿತು. ರಾನ್ ಅಕ್ಕನ ಒಂದು ಸಾಲಿನಿಂದ ಅಜ್ಜಿ ಗೆದ್ದರೆಂದು ಯಾರೂ ಹೇಳುವುದಿಲ್ಲ, ಅಕ್ಕ ಅಂತೂ ಹೇಳುವುದೇ ಇಲ್ಲ. ಗುತ್ತಿಗೆ ನವೀಕರಣವಾಯಿತು, ಆದರೆ ಮೂರು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ. ಕಾರಣ ಯಾರೂ ಹೇಳಲಿಲ್ಲ. “ಹೇಳಿದರೆ ಅಕ್ಕ ಅದನ್ನೂ ಬರ್ಕೋತಾರೆ ಅಂತ ಹೆದರಿರಬೇಕು,” ಎನ್ನುತ್ತ ಪೆಂಗ್ ಮೇಡಂ ಗೆಣಸಿನ ಸಿಪ್ಪೆ ಸುಲಿಯುತ್ತಾರೆ.

ಆಮೇಲೆ ರಿಜಿಸ್ಟರಿಗೆ ಇನ್ನೂ ಐದು ಹೆಸರು ಬಿದ್ದವು. ಒಬ್ಬರು ಮೇಡಂ ಅವರ ಸ್ವಂತ ಸೋದರಮಾವ. ಕಳೆದ ನಾಲ್ಕು ತಿಂಗಳಿಂದ ಫೋನು ತಣ್ಣಗಿದೆ. ಅಕ್ಕನಿಗೆ ಈಗ ಆಸೆಯೊಂದೇ: “ಐವತ್ತಕ್ಕೆ ನಿವೃತ್ತಿ. ಅಲ್ಲಿವರೆಗೆ ಇಟ್ಕೊಂಡರೆ ಸಾಕು. ಈ ಹುಡುಗಿಗೆ ತೀರ್ಪು ಬರೆಯೋಕೆ ಬರುತ್ತೆ, ಫೋನ್ ಎತ್ತೋಕೆ ಇನ್ನೂ ಬರಲ್ಲ.”

ಹಳ್ಳಿ ಕಾಣುವಷ್ಟರಲ್ಲಿ ಅಕ್ಕನ ಜೇಬಿನಲ್ಲಿ ಮೊಬೈಲು ಅರಚುತ್ತದೆ. ಮೋ ಚೆಂಗ್‌ಲಿನ್. ಬುಟ್ಟಿ ಇಳಿಸಿ, ಲೌಡ್‌ಸ್ಪೀಕರ್ ಹಾಕುತ್ತಾರೆ.

“ರಾನ್ ಅಕ್ಕ, ತಿಂಡಿ ಆಯ್ತಾ? ನೋಡಿ, ನನ್ನದೇ ಒಂದು ಕೇಸು ಹಾಕೋಣ ಅಂತಿದೀನಿ. ಪಕ್ಕದ ಮನೆಯವನು ನಮ್ಮ ಅಂಗಳಕ್ಕೆ ಎರಡಡಿ ಬಂದು ಮಹಡಿ ಎಬ್ಬಿಸಿದಾನೆ. ಅವನ ಷಡ್ಡಕ ಜಿಲ್ಲೆಯಲ್ಲಿ ದೊಡ್ಡ ಹುದ್ದೆಯಲ್ಲಿದಾನೆ, ಗೊತ್ತಲ್ಲ?” ದನಿ ತಗ್ಗುತ್ತದೆ. “ಆ ಕಡೆಯಿಂದ ಯಾರಾದರೂ ಫೋನ್ ಮಾಡಿದರೆ... ಬರ್ಕೋತೀರಿ ತಾನೆ?”

“ಬರ್ಕೋತೀನಿ ಸಾಹೇಬ್ರೆ,” ಎನ್ನುತ್ತಾರೆ ರಾನ್ ಅಕ್ಕ, ಕಲ್ಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆಯುತ್ತ. “ಮೊದಲು ನಿಮ್ಮ ಈ ಫೋನಿಂದ ಶುರು ಮಾಡೋಣ. ನಿಧಾನಕ್ಕೆ ಹೇಳಿ.”